ನಮ್ಮವರು ಸೈಕಲ್ಲಿನಲ್ಲಿ ಬೆಟ್ಟ ಹತ್ತಿದ್ದು

ನಮ್ಮವರಿಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ. ಅಭ್ಯಾಸವಿದ್ದಿದ್ದರೆ ಚೆನ್ನಾಗಿತ್ತು, ಯಾವ ಸುಳ್ಳನ್ನು ಎಷ್ಟು ದೂರ ಕೊಂಡೊಯ್ದು ಎಲ್ಲಿ ಇಳಿಸಬೇಕು ಎನ್ನುವುದಾದರೂ ಗೊತ್ತಿರುತ್ತಿತ್ತು. ಅಭ್ಯಾಸವಿಲ್ಲದವರು ಒಂದೇ ಒಂದು ಸುಳ್ಳು ಹೇಳಿ, ಅದರ ಮೇಲೆ ಹತ್ತಿ ಕುಳಿತು, ಬ್ರೇಕು ಎಲ್ಲಿದೆ ಎಂದು ಆಮೇಲೆ ಹುಡುಕುತ್ತಾರೆ.

ಅವರು ನೀರು ಸರಬರಾಜು ಇಲಾಖೆಯಲ್ಲಿ ಗುಮಾಸ್ತರು. ಕೆಲಸ ಇದ್ದದ್ದು ಅರ್ಧ ದಿನ ರೈಲಿನಲ್ಲಿ ಹೋಗಬೇಕಾದ ಊರಿನಲ್ಲಿ. ನಾನು, ಅತ್ತೆ, ಮಗಳು ಇರುವುದು ಇಲ್ಲಿ. ಶನಿವಾರ ಕತ್ತಲಾದ ಮೇಲೆ ಬಂದು ಭಾನುವಾರ ಸಂಜೆ ಹೊರಟುಬಿಡುತ್ತಿದ್ದರು. ಮಗಳು ಹುಟ್ಟುವುದಕ್ಕೆ ಮೊದಲಿನಿಂದಲೂ ಹೀಗೆಯೇ. ಸದಾ ಕಿವಿಯ ಹತ್ತಿರ ಗುಯ್‌ಗುಡುತ್ತಾಳೆಂದು ಇವರು ಅವಳಿಗೆ ಸೊಳ್ಳೆ ಎಂದು ಹೆಸರಿಟ್ಟಿದ್ದರು. ಸ್ಕೂಲಿನಲ್ಲಿ ಒಮ್ಮೆ 'ನಮ್ಮ ಮನೆ' ಎಂದು ಚಿತ್ರ ಬರೆಸಿದರು. ಅವಳು ನನ್ನನ್ನು ಒಲೆಯ ಮುಂದೆ, ಅಜ್ಜಿಯನ್ನು ಮಂಚದ ಮೇಲೆ ಬರೆದು, ಅಪ್ಪನನ್ನು ಬ್ಯಾಗಿನ ಸಮೇತ ಗೇಟಿನ ಆಚೆ ನಿಲ್ಲಿಸಿದ್ದಳು.

"ನನ್ನನ್ನ ಯಾಕೆ ಒಳಗೆ ಬರೀಲಿಲ್ಲ ಸೊಳ್ಳೆ?" ಎಂದು ಇವರು ಕೇಳಿದರು.

"ಒಳಗೆ ಜಾಗ ಇರಲಿಲ್ಲಪ್ಪ" ಅಂದಳು ಅವಳು, ಬಣ್ಣದ ಕಡ್ಡಿ ಕಚ್ಚುತ್ತಾ.

ನಗಬೇಕಾದ ಮಾತು ಎಂದುಕೊಂಡು ಇವರು ನಕ್ಕರು. ಆಮೇಲೆ ಚಿತ್ರವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ರೈಲಿಗೆ ಹೋದರು.

ಹಾಗಿರುವಾಗ ನಮ್ಮೂರಿನ ಆಫೀಸಿನಲ್ಲಿ ಒಂದು ಜಾಗ ಖಾಲಿಯಾಯಿತು. ನಡೆದುಕೊಂಡು ಹೋಗಿ, ಮಧ್ಯಾಹ್ನ ಮನೆಗೆ ಬಂದು ಬಿಸಿ ಊಟ ಮಾಡಬಹುದಾದಂಥ ಜಾಗ. ಅದನ್ನು ಕೇಳಿದವರು ಇಬ್ಬರು. ಒಬ್ಬರು ನಮ್ಮವರು. ಇನ್ನೊಬ್ಬರು ಅವರ ಜೊತೆ ಒಂದೇ ರೂಮಿನಲ್ಲಿದ್ದು, ಒಂದೇ ರೈಲಿನಲ್ಲಿ ಬಂದುಹೋಗುತ್ತಿದ್ದ, ನಮ್ಮ ಪಕ್ಕದ ಬೀದಿಯ ಒಬ್ಬ ಗುಮಾಸ್ತರು. ಅವರನ್ನು ಆಫೀಸಿನಲ್ಲಿ ಎಲ್ಲರೂ ಮಂಡಿಯವರು ಎನ್ನುತ್ತಿದ್ದರು. ಅವರ ಎರಡು ಮಂಡಿಗಳಲ್ಲಿ ಒಂದು ನೋಯುತ್ತಿತ್ತು, ಇನ್ನೊಂದು ನೋಯುವುದರಲ್ಲಿತ್ತು.

ಜಾಗ ಕೊಡಬೇಕಾದವರು ಹೊಸದಾಗಿ ಬಂದ ಸಾಹೇಬರು. ಸೂರ್ಯ ಹುಟ್ಟುವ ಮೊದಲು ಬೆವರದವನ ಕೈಗೆ ಪೆನ್ನು ಕೊಡಬಾರದು ಎನ್ನುವುದು ಅವರ ನಂಬಿಕೆ. ಒಂದು ದಿನ ಆಫೀಸಿನ ನಡುವೆ ನಿಂತು, "ನಿಮ್ಮಲ್ಲಿ ಯಾರು ಸೈಕಲ್ ಹೊಡೀತೀರಿ?" ಎಂದು ಕೇಳಿದರು. ಯಾರೂ ತಲೆ ಎತ್ತಲಿಲ್ಲ.

ಮಂಡಿಯವರು ಮಾತ್ರ ಪ್ರಾಮಾಣಿಕವಾಗಿ, "ಸಾರ್, ನನಗೆ ಮೆಟ್ಟಿಲು ಹತ್ತಿದ್ರೇನೇ ಒಳಗೆ ಕಟಕಟ ಅನ್ನುತ್ತೆ" ಎಂದರು.

ನಮ್ಮವರಿಗೆ ಏನನ್ನಿಸಿತೋ, ಎದ್ದು ನಿಂತರು. "ದಿನಾ ಬೆಳಿಗ್ಗೆ ಸಾರ್. ಸೈಕಲ್ಲಲ್ಲಿ ಒಂದು ಸುತ್ತು ಹೋಗಿಬರದೆ ನಾನು ಟೀನೇ ಕುಡಿಯಲ್ಲ."

"ಭೇಷ್! ನನಗೆ ಇಂಥೋರೇ ಬೇಕಾಗಿದ್ದು" ಎಂದರು ಸಾಹೇಬರು. ಯಾವುದಕ್ಕೆ ಬೇಕಾಗಿದ್ದು ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಊರಿನ ಜಾಗ ಸಿಕ್ಕಿದಂತೆಯೇ ಎಂದು ಆಫೀಸಿನವರೆಲ್ಲ ಕೈ ಕುಲುಕಿದರು. ಮಂಡಿಯವರೂ ಕುಲುಕಿದರು, ಪಾಪ. ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಸಾಹೇಬರು ಬಾಗಿಲಿನ ತನಕ ಹೋದವರು ತಿರುಗಿ, "ಮುಂದಿನ ವಾರ ಎಲ್ಲರೂ ಕುಟುಂಬ ಸಮೇತ ನಮ್ಮ ಬೆಟ್ಟದ ಗೆಸ್ಟ್‌ಹೌಸಿಗೆ ಹೋಗೋಣ. ಅಲ್ಲಿ ಇಲಾಖೆ ಸೈಕಲ್ ಇದಾವೆ. ಬೆಳಗಾಗೋ ಹೊತ್ತಿಗೆ ನಾನೂ ನೀವೂ ಬೆಟ್ಟದಲ್ಲಿ ಒಂದು ಸವಾರಿ!" ಎಂದರು.

ಆ ಭಾನುವಾರ ಮನೆಯಲ್ಲಿ ವಿಚಾರಣೆ ನಡೆಯಿತು.

"ಸೈಕಲ್ಲಾ? ನೀನಾ?" ಎಂದರು ಅತ್ತೆ. "ಐದನೇ ಕ್ಲಾಸಲ್ಲಿ ಬಾಡಿಗೆ ಸೈಕಲ್ ತಗೊಂಡು ಹೋಗಿ ಕೈ ಮುರ್ಕೊಂಡು ಬಂದೆಯಲ್ಲ, ಅದೇ ಲೆಕ್ಕಾನಾ?"

"ಅಮ್ಮಾ, ಸೈಕಲ್ ಅನ್ನೋದು ಒಂದು ಸಲ ಕಲಿತರೆ ಮರೆಯೋದಿಲ್ಲ."

"ಕಲಿತಿದ್ರೆ ತಾನೇ ಮರೆಯೋ ಮಾತು?"

"ಈಗಲೇ ಫೋನ್ ಮಾಡಿ, ಬರಲ್ಲ ಅಂತ ಹೇಳಿಬಿಡಿ" ಎಂದೆ ನಾನು. "ಏನಾಗುತ್ತೆ?"

"ಏನಾಗುತ್ತೆ ಅಂದ್ರೆ, ಜಾಗ ಮಂಡಿಗೆ ಹೋಗುತ್ತೆ. ನಾನು ಗೇಟಿನ ಆಚೆನೇ ನಿಂತಿರ್ತೀನಿ."

ಇವರು ನನ್ನ ಹೊಲಿಗೆ ಯಂತ್ರದ ಮುಂದೆ ಕುಳಿತು, ಸೂಜಿ ತೆಗೆಸಿ, ಕಾಲು ಗಟ್ಟಿಯಾಗಲೆಂದು ತುಳಿಯತೊಡಗಿದರು. ಸೊಳ್ಳೆ ಪಕ್ಕದಲ್ಲಿ ನಿಂತು ಚಮಚದಿಂದ ಲೋಟಕ್ಕೆ ಬಾರಿಸುತ್ತಾ ಬೆಲ್ಲು ಹೊಡೆದಳು. ರೈಲಿಗೆ ಹೊತ್ತಾಗುವವರೆಗೆ ತುಳಿದರು. ಯಂತ್ರವನ್ನು ಅಷ್ಟು ದೂರ ಓಡಿಸಿದರೂ ಕೂತಲ್ಲೇ ಇರುವುದು ಎಷ್ಟು ಸುಖದ ವಿಷಯವೆಂದು ಆಗ ನಮಗೆ ಹೊಳೆಯಲಿಲ್ಲ.

ಬೆಟ್ಟಕ್ಕೆ ಹೋಗುವಾಗ ಅತ್ತೆ ಬರಲಿಲ್ಲ. "ಯಾರಾದ್ರೂ ಒಬ್ಬರು ಮನೇಲಿ ಗಟ್ಟಿಯಾಗಿರಬೇಕು" ಎಂದರು. ಇಲಾಖೆಯ ಬಸ್ಸು ಸಂಜೆಯ ಹೊತ್ತಿಗೆ ಬುಸುಬುಸು ಉಸಿರು ಬಿಡುತ್ತಾ ನಮ್ಮನ್ನು ಮೇಲೆ ತಂದು ಬಿಟ್ಟಿತು. ಉದ್ದನೆಯ ಜಗಲಿ, ಸಾಲಾಗಿ ರೂಮುಗಳು, ತಣ್ಣಗಿನ ಸಿಮೆಂಟು ನೆಲ. ಹಿಂದೆ ಊರುಗಳಿಗೆಲ್ಲ ನೀರು ಕಳಿಸುವ ದೊಡ್ಡ ತೊಟ್ಟಿ. ತೊಟ್ಟಿಯ ಪಕ್ಕದಲ್ಲಿ ಬೀಗ ಹಾಕಿದ ಒಂದು ಒಂಟಿ ಕ್ವಾರ್ಟರ್ಸು. ಸೊಳ್ಳೆ ಕಿಟಕಿಯಲ್ಲಿ ಇಣುಕಿ, "ಅಮ್ಮಾ, ಒಳಗೆ ಒಂದೇ ಕುರ್ಚಿ ಇದೆ" ಎಂದಳು.

"ಇಲ್ಲಿದ್ದೋರು ಹೋಗಿ ಬಹಳ ದಿನ ಆಯ್ತಮ್ಮ" ಎಂದ ಗೆಸ್ಟ್‌ಹೌಸಿನ ಅಡುಗೆಯವನು. "ಪೈಪಿನ ಪಕ್ಕದ ದಾರಿಗೆ ಜೀಪು ಹೋಗಲ್ಲ. ಬೆಳಕು ಹರಿಯೋಕೆ ಮುಂಚೆ ಸೈಕಲ್ಲಲ್ಲಿ ಇಳಿದು ಒಂದೊಂದೇ ವಾಲ್ವು ತಿರುಗಿಸ್ಕೊಂಡು, ಮತ್ತೆ ಹತ್ತಿ ಬರಬೇಕು. ಯಾರು ಬರ್ತಾರೆ?"

ಯಾರೂ ಬರುವುದಿಲ್ಲವೆಂದು ನಾನೂ ತಲೆಯಾಡಿಸಿದೆ.

ಮರುದಿನ ಇನ್ನೂ ಮಬ್ಬುಗತ್ತಲಿರುವಾಗಲೇ ಇವರು ಎದ್ದರು. ಸಾಹೇಬರು ಏಳುವುದರೊಳಗೆ ಅಂಗಳದಲ್ಲಿ ಅಭ್ಯಾಸ ಮಾಡಿಕೊಳ್ಳುವ ಯೋಜನೆ. ಉಣ್ಣೆಯ ಟೋಪಿ, ಆಫೀಸಿನ ಪ್ಯಾಂಟು, ಪ್ಯಾಂಟಿನ ತುದಿ ಚೈನಿಗೆ ಸಿಕ್ಕದಿರಲೆಂದು ಮಗಳ ರಿಬ್ಬನ್ನು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಜಗಲಿಯ ಮೆಟ್ಟಿಲಿಗೆ ಒಂದು ಕಾಲು ಊರಿ, ನೂಕಿ, ತೂರಾಡಿ, ಅಂತೂ ಹೊರಟರು. ಅಂಗಳಕ್ಕೆ ಒಂದು ಸುತ್ತು ಬಂದರು. ಎರಡನೆಯ ಸುತ್ತಿನಲ್ಲಿ ಮುಖದ ಮೇಲೆ ಮದುಮಗನ ಕಳೆ ಬಂತು. ನನ್ನ ಕಡೆ ನೋಡಿ ಒಂದು ಕೈ ಎತ್ತಿದರು. ಆ ಕೈ ಮತ್ತೆ ಹ್ಯಾಂಡಲ್ಲಿಗೆ ತಲುಪುವ ಹೊತ್ತಿಗೆ ಗೇಟು ದಾಟಿಯಾಗಿತ್ತು.

ಗೇಟಿನ ಆಚೆ ರಸ್ತೆ ಇಳಿಜಾರು ಎನ್ನುವುದನ್ನು ಬಸ್ಸಿನಲ್ಲಿ ಹತ್ತಿ ಬಂದವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮವರು ಬಸ್ಸಿನಲ್ಲಿ ನಿದ್ದೆ ಮಾಡಿದ್ದರು.

ಮುಂದಿನದನ್ನು ಅವರೇ ಆಮೇಲೆ ನನಗೆ ಹೇಳಿದ್ದು. ಸೈಕಲ್ಲಿಗೆ ಎರಡು ಬ್ರೇಕಿದ್ದವಂತೆ. ಒಂದು ಹಿಡಿದರೆ ಕೀರಲು ಸದ್ದು ಬರುತ್ತಿತ್ತು, ಇನ್ನೊಂದು ಹಿಡಿದರೆ ಅದೂ ಬರುತ್ತಿರಲಿಲ್ಲ. ಮಂಜಿನಲ್ಲಿ ಎದುರಿಗೆ ಏನು ಕಂಡರೂ "ಪಕ್ಕಕ್ಕೆ! ಪಕ್ಕಕ್ಕೆ!" ಎಂದು ಕೂಗಿದರಂತೆ, ಅದರಲ್ಲಿ ಅರ್ಧ ಮೈಲಿಗಲ್ಲುಗಳು. ತಿರುವು ಬಂದಾಗ ಕಣ್ಣು ಮುಚ್ಚಿಕೊಂಡರಂತೆ, ಸೈಕಲ್ಲೇ ತಿರುಗಿಕೊಂಡಿತಂತೆ. ಹೀಗೆ ಇಡೀ ಬೆಟ್ಟವನ್ನು ಇಳಿದು, ಕಣಿವೆಯ ಹಾಲಿನ ಕೇಂದ್ರದ ಅಂಗಳಕ್ಕೆ ನುಗ್ಗಿ, ಕ್ಯಾನುಗಳ ಸಾಲಿನೊಳಗೆ ಹೋಗಿ ನಿಂತರು. ಕ್ಯಾನುಗಳು ನಿಲ್ಲಲಿಲ್ಲ.

ಅಲ್ಲಿದ್ದ ಹಾಲಿನ ವ್ಯಾನಿನ ಡ್ರೈವರು ದೇವರಂಥ ಮನುಷ್ಯ. ಇವರನ್ನು ಎಬ್ಬಿಸಿ, ತನ್ನ ಶಾಲು ಹೊದಿಸಿ, ಫ್ಲಾಸ್ಕಿನಿಂದ ಟೀ ಕುಡಿಸಿ, ಸೈಕಲ್ಲನ್ನು ಕ್ಯಾನುಗಳ ನಡುವೆ ಇಟ್ಟುಕೊಂಡು ಮೇಲೆ ಕರೆತಂದ. ಗೇಟಿನ ತನಕ ಬಿಡುತ್ತೇನೆ ಎಂದ. "ಬೇಡಪ್ಪಾ, ತಿರುವಿನಲ್ಲೇ ಇಳಿಸಿಬಿಡು, ಹಿಂದಿನ ಬಾಗಿಲಿಂದ ಹೋಗಿ ಮಲಗ್ತೀನಿ" ಎಂದು ಬೇಡಿಕೊಂಡರು ಇವರು. ಹಾಗಾದರೆ ಗೆಸ್ಟ್‌ಹೌಸಿನ ಪೇಪರನ್ನೂ ನೀವೇ ಕೊಟ್ಟುಬಿಡಿ ಎಂದು ಡ್ರೈವರು ಅವತ್ತಿನ ಪೇಪರನ್ನು ಕ್ಯಾರಿಯರಿಗೆ ಸಿಕ್ಕಿಸಿ ಹೋದ.

ಇತ್ತ ಗೇಟಿನಲ್ಲಿ ಇಡೀ ಆಫೀಸು ನಿಂತಿತ್ತು. ಸಾಹೇಬರು ಚಡ್ಡಿ ಹಾಕಿಕೊಂಡು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಸಿದ್ಧರಾಗಿದ್ದರು. ಪಕ್ಕದಲ್ಲಿ ಅವರ ಮನೆಯವರು, ಎಲ್ಲರೂ ಮೇಡಂ ಎನ್ನುತ್ತಿದ್ದವರು. ಒಂದು ಸೈಕಲ್ ಇಲ್ಲ, ನಮ್ಮವರೂ ಇಲ್ಲ. ಆಗ, ಹಿಂದಿನ ಬಾಗಿಲಿನ ದಾರಿ ಮಂಜಿನಲ್ಲಿ ತಪ್ಪಿ, ಸೈಕಲ್ ತಳ್ಳಿಕೊಂಡು ಒಂದು ಆಕಾರ ನೇರ ಗೇಟಿಗೇ ಬಂತು. ಮೈಯೆಲ್ಲ ಒದ್ದೆ, ಒಂದು ಕಾಲಿನಲ್ಲಿ ಮಾತ್ರ ಬೂಟು.

"ಎಲ್ಲಿಗೆ ಹೋಗಿದ್ರಿ?" ಎಂದರು ಸಾಹೇಬರು.

"ಕೆಳಗೆ ಸಾರ್" ಎಂದರು ಇವರು. ಅದು ನಿಜವೇ.

"ಕೆಳಗೆ ಅಂದ್ರೆ?" ಸಾಹೇಬರು ಕ್ಯಾರಿಯರಿನಿಂದ ಪೇಪರನ್ನು ಎಳೆದು ತಾರೀಖು ನೋಡಿದರು. "ಇವತ್ತಿನ ಪೇಪರ್! ಕಣಿವೆ ತನಕ ಇಳಿದು, ಹತ್ತಿ ಬಂದ್ರಾ? ನಾವು ಹಲ್ಲುಜ್ಜೋ ಅಷ್ಟರಲ್ಲಿ?"

ಇವರು ಬಾಯಿ ತೆರೆದರು. ಏದುಸಿರಿಗೆ ಮಾತು ಬರಲಿಲ್ಲ.

"ಮಾತಾಡಬೇಡಿ, ಮಾತಾಡಬೇಡಿ! ಬೂಟು ಎಲ್ಲಿ?"

"ಬಿತ್ತು ಸಾರ್."

"ಬೂಟು ಬಿದ್ರೂ ನಿಲ್ಲಿಸಲಿಲ್ಲ ಈ ಮನುಷ್ಯ!" ಎಂದು ಸಾಹೇಬರು ಸೀಟಿ ಊದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ತಾವೇ ಹೋಗಿ ಬ್ರೆಡ್ಡು ತಂದರು. ಮಂಡಿಯವರು ಜಗಲಿಯ ಕುರ್ಚಿಯಿಂದ ಏಳಲಾರದೆ ಕುಳಿತಲ್ಲೇ ಕೈಮುಗಿದರು.

ಸೊಳ್ಳೆ ನನ್ನ ಸೆರಗು ಜಗ್ಗಿದಳು. "ಅಮ್ಮಾ, ಅಪ್ಪನ ಹತ್ರ ಹಾಲಿನ ವಾಸನೆ ಬರ್ತಿದೆ."

"ಸುಮ್ಮನಿರು ಕಂದ" ಎಂದೆ.

ನಾವು ಬ್ರೆಡ್ಡು ತಿನ್ನುತ್ತಿರುವಾಗ ಡ್ರೈವರು ಬಂದ. ಕೈಯಲ್ಲಿ ಬೂಟು. ಅದನ್ನು ಒರೆಸಿ ಬೇರೆ ತಂದಿದ್ದ. "ಸಾರ್, ಇಳಿಯೋ ಆತುರದಲ್ಲಿ ನನ್ನ ವ್ಯಾನಲ್ಲೇ ಬಿಟ್ಟು ಬಂದಿದೀರಿ" ಎಂದು ನಗುತ್ತಾ ನಮ್ಮವರ ಮುಂದೆ ಹಿಡಿದ.

ಸಾಹೇಬರು ಹುಬ್ಬೇರಿಸಿದರು.

"ಯಾರಪ್ಪಾ ನೀನು?" ಎಂದರು ನಮ್ಮವರು.

"ನಾನು ಸಾರ್, ಹಾಲಿನ ವ್ಯಾನು! ಕೆಳಗಿಂದ ಕರ್ಕೊಂಡು ಬಂದೆನಲ್ಲ?"

"ಇಲ್ಲಪ್ಪ, ನಾನು ನಿನ್ನ ನೋಡೇ ಇಲ್ಲ. ಬೇರೆ ಯಾರೋ ಇರಬೇಕು."

"ಅಯ್ಯೋ, ನನ್ನ ಶಾಲು ಹೊದ್ಕೊಂಡಿದ್ರಿ! ನನ್ನ ಮಗಳ ಬಗ್ಗೆ ಕೇಳಿದ್ರಿ, ನಿಮ್ಮ ಮಗಳು ಬರೆದ ಚಿತ್ರ ಜೇಬಿಂದ ತೆಗೆದು ತೋರಿಸಿದ್ರಿ..."

"ಬೇರೆ ಯಾರೋ ಅಂತ ಹೇಳ್ತಿದೀನಲ್ಲ?"

"ಮತ್ತೆ ಈ ಬೂಟು?"

"ಬೂಟು ಎಲ್ಲ ಒಂದೇ ಥರ ಇರ್ತಾವೆ" ಎಂದರು, ಅದರ ಜೊತೆಯ ಬೂಟನ್ನು ಕುರ್ಚಿಯ ಕೆಳಗೆ ಎಳೆದುಕೊಳ್ಳುತ್ತಾ.

"ದಾರಿಯಲ್ಲಿ ಸಿಕ್ಕಿದ್ದನ್ನ ತಂದು ಕಥೆ ಕಟ್ತಿದಾನೆ. ಇರಲಿ ಬಿಡಿ, ಟೀ ಕೊಟ್ಟು ಕಳಿಸಿ" ಎಂದರು ಸಾಹೇಬರು.

ಡ್ರೈವರು ಟೀ ಮುಟ್ಟಲಿಲ್ಲ. ಬೂಟನ್ನು ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟು, ನಮ್ಮವರ ಮುಖವನ್ನೇ ನೋಡಿ, "ಸರಿ ಸಾರ್. ನೋಡಿಲ್ಲ ಅಂದ್ರೆ ನೋಡಿಲ್ಲ" ಎಂದು ಹೊರಟುಹೋದ.

ರೂಮಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಆ ಮನುಷ್ಯನ ಮುಖ ನೋಡಿದ್ರಾ?"

"ನೋಡಿದೆ ಕಣೇ" ಎಂದರು ಇವರು ಮಂಚದ ತುದಿಯಲ್ಲಿ ಕುಳಿತು, ರಿಬ್ಬನ್ನು ಬಿಚ್ಚುತ್ತಾ. "ಇವತ್ತೊಂದು ದಿನ. ಊರಿನ ಜಾಗ ನನಗೆ ಅಂತ ಹೇಳಿಬಿಡಲಿ, ನಾನೇ ಹೋಗಿ ಕಾಲಿಗೆ ಬೀಳ್ತೀನಿ." ಜೇಬಿನಿಂದ ಚಿತ್ರವನ್ನು ತೆಗೆದರು. ಹಾಲಿನಲ್ಲಿ ನೆನೆದು ಅಜ್ಜಿಯ ಮಂಚ ಹರಡಿಹೋಗಿತ್ತು. ಅದನ್ನು ಕಿಟಕಿಯ ಸರಳಿಗೆ ಒಣಗಲು ಹಾಕಿದರು. ನಾನು ಪ್ಯಾಂಟು ಒಗೆಯಲು ತೆಗೆದುಕೊಂಡು ಹೋದೆ.

ಊಟವಾದ ಮೇಲೆ ಸಾಹೇಬರು ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿದರು. "ನನ್ನ ಕೈಯಲ್ಲಿ ಎರಡು ಜಾಗ ಇದಾವೆ" ಎಂದು ಶುರುಮಾಡಿದರು. ಎರಡು ಎಂದು ಕೇಳಿದೊಡನೆ ನಾನು ಬೀಗ ಹಾಕಿದ ಆ ಕ್ವಾರ್ಟರ್ಸಿನ ಕಡೆ ನೋಡಿದೆ. "ಒಂದು ಊರಿನದು. ಸಮತಟ್ಟು ಜಾಗ, ಕುರ್ಚಿ ಕೆಲಸ. ಅದನ್ನ ಯಾರಿಗೆ ಬೇಕಾದ್ರೂ ಕೊಡಬಹುದು. ಮಂಡಿಯವರೇ, ನೀವು ಹೋಗಿ. ಇನ್ನೊಂದು..." ಅವರು ತೊಟ್ಟಿಯ ಕಡೆ ಕೈ ತೋರಿಸಿದರು. "ವರ್ಷಗಳಿಂದ ಈ ಬೆಟ್ಟಕ್ಕೆ ಒಬ್ಬ ಗಂಡಸು ಸಿಕ್ಕಿರಲಿಲ್ಲ. ಇವತ್ತು ಬೆಳಿಗ್ಗೆ ಸಿಕ್ಕ."

ಚಪ್ಪಾಳೆ ಮುಗಿಯುವ ತನಕ ನಮ್ಮವರು ತಮ್ಮ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡುತ್ತಿದ್ದರು. ಆಮೇಲೆ ಎದ್ದು ನಿಂತು, "ಸಾರ್, ನನಗೆ ಸೈಕಲ್ ಬರಲ್ಲ" ಎಂದರು.

ಎಲ್ಲರೂ ಬಿದ್ದು ಬಿದ್ದು ನಕ್ಕರು.

"ನಿಜವಾಗ್ಲೂ ಸಾರ್! ನಾನು ವ್ಯಾನಲ್ಲಿ ಬಂದೆ. ಆ ಡ್ರೈವರು ಹೇಳಿದ್ದೆಲ್ಲ ಸತ್ಯ."

"ನೋಡಿ!" ಎಂದರು ಸಾಹೇಬರು ಕಣ್ಣೊರೆಸಿಕೊಳ್ಳುತ್ತಾ. "ಮಾಡಿದೋರು ಹೇಳ್ಕೊಳ್ಳಲ್ಲ. ನೀವೆಲ್ಲ ಇದನ್ನ ಕಲೀಬೇಕು."

ನಾನು ಎದ್ದೆ. ಅಷ್ಟು ಜನರ ನಡುವೆ ಹಿಂದೆಂದೂ ಮಾತಾಡಿದವಳಲ್ಲ. "ಸಾಹೇಬ್ರೇ, ಅವರು ಹೇಳ್ತಿರೋದು ನಿಜ. ಬೆಳಿಗ್ಗೆ ಕಿಟಕಿಯಿಂದ ನಾನೇ ನೋಡಿದೆ. ಅವರು ಹೋಗಿದ್ದಲ್ಲ, ಜಾರಿದ್ದು."

ಮೇಡಂ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಗಂಡನ್ನ ದೂರ ಕಳಿಸೋಕೆ ಯಾರಿಗೆ ಮನಸ್ಸಾಗುತ್ತೆ ಹೇಳಿ? ಆದ್ರೆ ಇಂಥ ಗಂಡಂದಿರನ್ನ ಮನೇಲಿ ಕಟ್ಟಿಹಾಕಬಾರದು ಕಣ್ರೀ."

"ಅಪ್ಪನ ಪ್ಯಾಂಟಲ್ಲಿ ಹಾಲಿತ್ತು!" ಎಂದು ಕೂಗಿದಳು ಸೊಳ್ಳೆ.

"ಅಯ್ಯೋ ಬಂಗಾರ! ಅಮ್ಮ ಹೇಳ್ಕೊಟ್ರಾ?" ಎಂದು ಮೇಡಂ ಅವಳ ಕೆನ್ನೆ ಹಿಂಡಿದರು.

ಇವರು ಡ್ರೈವರನ್ನು ಕರೆಸಿ ಎಂದು ಹಟ ಹಿಡಿದರು. ಅಡುಗೆಯವನು ತಿರುವಿನಲ್ಲಿ ಕಾದು ನಿಂತು, ಸಂಜೆಯ ಹಾಲಿಗೆ ಬಂದಿದ್ದ ಅವನನ್ನು ಕರೆತಂದ.

"ಹೇಳಪ್ಪಾ" ಎಂದರು ನಮ್ಮವರು ಎರಡೂ ಕೈ ಹಿಡಿದುಕೊಂಡು. "ಬೆಳಿಗ್ಗೆ ನಾನು ನಿನ್ನ ವ್ಯಾನಲ್ಲಿ ತಾನೇ ಬಂದಿದ್ದು? ನೀನು ಶಾಲು ಹೊದಿಸಿದೆ, ಟೀ ಕೊಟ್ಟೆ. ಹೇಳು!"

ಡ್ರೈವರು ಕೈ ಬಿಡಿಸಿಕೊಂಡ. "ಇಲ್ಲ ಸಾರ್. ಬೇರೆ ಯಾರೋ ಇರಬೇಕು ಅಂತ ನೀವೇ ಹೇಳಿದ್ರಲ್ಲ."

"ಅದು ಬೆಳಿಗ್ಗೆ ಕಣಯ್ಯಾ!"

"ದೊಡ್ಡೋರು ಬೆಳಿಗ್ಗೆ ಒಂದು ಸಂಜೆ ಒಂದು ಹೇಳ್ತಾರಾ ಸಾರ್? ನಾನು ನಿಮ್ಮನ್ನ ನೋಡೇ ಇಲ್ಲ" ಎಂದು ಸಾಹೇಬರಿಗೆ ನಮಸ್ಕಾರ ಹಾಕಿ ಹೋದ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ಇವರಿಗೆ ಉಳಿದಿದ್ದು ಒಂದೇ ದಾರಿ. "ನೋಡ್ತಿರಿ ಸಾರ್, ಈಗಲೇ ಹತ್ತಿ ಬಿದ್ದು ತೋರಿಸ್ತೀನಿ" ಎಂದು ಓಡಿಹೋಗಿ ಸೈಕಲ್ ತಂದರು. ಗೇಟು ಹಾಕಿಸಿ ಅಂಗಳದಲ್ಲಿ ಹತ್ತಿದರು. ಜೀವಮಾನದಲ್ಲಿ ಮೊದಲ ಸಲ ಬೀಳಲೇಬೇಕೆಂದು ಸೈಕಲ್ ಹತ್ತಿದ್ದರು, ಬೀಳಲಾಗಲಿಲ್ಲ. ಇಡೀ ಬೆಟ್ಟ ಇಳಿದ ಮೈ, ಬೆಳಗಿನಿಂದ ಸಂಜೆಯೊಳಗೆ ಅದಕ್ಕೆ ಸೈಕಲ್ ಬಂದುಬಿಟ್ಟಿತ್ತು. ಒಂದು ಸುತ್ತು, ಎರಡು ಸುತ್ತು, ದಾರ ಹಿಡಿದು ಗೆರೆ ಎಳೆದ ಹಾಗೆ ಹೋದರು. ಕಣ್ಣಲ್ಲಿ ನೀರು ತುಂಬಿಕೊಂಡು, "ಬರಲ್ಲ ಸಾರ್, ನನಗೆ ಬರಲ್ಲ" ಎನ್ನುತ್ತಾ ಇನ್ನೂ ಒಂದು ಸುತ್ತು ಬಂದರು. ಕೊನೆಗೆ ಹೂವಿನ ಕುಂಡಗಳ ಮೇಲೆ ಬೇಕೆಂದೇ ಉರುಳಿಕೊಂಡರು.

"ನಟನೆಯಲ್ಲೂ ಗಟ್ಟಿಗರು!" ಎಂದು ಸಾಹೇಬರು ಸೀಟಿ ಊದಿದರು.

ಈಗ ಅವರು ಅಲ್ಲಿಯೇ ಇದ್ದಾರೆ. ನೀರಿಗೆ ಭಾನುವಾರವಿಲ್ಲ, ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಸಾಹೇಬರಿಗೆ ಮತ್ತೆ ಮತ್ತೆ ಅರ್ಜಿ ಬರೆದರು. ಪ್ರತಿ ಅರ್ಜಿಯನ್ನೂ ಸಾಹೇಬರು ಆಫೀಸಿನಲ್ಲಿ ಗಟ್ಟಿಯಾಗಿ ಓದಿಸಿ, ವಿನಯ ಎಂದರೆ ಇದು ಎನ್ನುತ್ತಾರಂತೆ. ಹಾಲಿನ ಡ್ರೈವರು ಇವರ ಪಾಲಿನ ಹಾಲನ್ನು ತಿರುವಿನಲ್ಲಿಟ್ಟು ಹಾರ್ನ್ ಮಾಡಿ ಹೋಗುತ್ತಾನಂತೆ. ಇವರು ಓಡಿಹೋಗುವಷ್ಟರಲ್ಲಿ ಅವನಿರುವುದಿಲ್ಲ. ಕ್ಷಮೆ ಕೇಳುವುದು ಇನ್ನೂ ಬಾಕಿಯೇ ಇದೆ.

ಮಂಡಿಯವರು ನಮ್ಮೂರಿಗೆ ಬಂದರು. ದಿನಾ ಮಧ್ಯಾಹ್ನ ಮನೆಗೆ ಬಂದು ಬಿಸಿ ಊಟ ಮಾಡಿ, ಒಂದು ಗಳಿಗೆ ಮಲಗಿ ಎದ್ದು, ತಿಂಗಳೊಪ್ಪತ್ತಿನಲ್ಲಿ ಅವರ ಎರಡೂ ಮಂಡಿ ವಾಸಿಯಾದವು. ಕೆಟ್ಟವರಲ್ಲ. ಸಂಜೆ ನಮ್ಮ ಮನೆಯ ಮುಂದೆ ಹೋಗುವಾಗ, "ಅಕ್ಕಾ, ಏನಾದ್ರೂ ತರೋದಿದ್ಯಾ?" ಎಂದು ಕೇಳದೆ ಹೋಗುವುದಿಲ್ಲ. ಅವರು ಬಂದಾಗಲೆಲ್ಲ ಅತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಸೊಳ್ಳೆ ಬೀದಿಯ ಮಕ್ಕಳ ಸೈಕಲ್ಲುಗಳನ್ನೇ ನೋಡುತ್ತಾ ನಿಲ್ಲುವುದನ್ನು ಕಂಡು, ಕಳೆದ ವಾರ ಮಂಡಿಯವರು ತಮ್ಮ ಅಕ್ಕನ ಮಗನ ಹಳೆಯ ಸಣ್ಣ ಸೈಕಲ್ಲೊಂದನ್ನು ಎಣ್ಣೆ ಹಾಕಿ ತಳ್ಳಿಕೊಂಡು ಬಂದರು.

ಈ ಭಾನುವಾರ ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ಇವರ ಫೋನು ಬಂತು. ಅಲ್ಲಿ ಸಿಗ್ನಲ್ಲು ಸಿಗಬೇಕಾದರೆ ತೊಟ್ಟಿಯ ಮೇಲೆ ಹತ್ತಿ ನಿಲ್ಲಬೇಕು. ಗಾಳಿಯ ಸದ್ದು ಅವರ ಮಾತಿಗಿಂತ ಜೋರಾಗಿತ್ತು.

"ಏನದು ಗಲಾಟೆ? ಸೊಳ್ಳೆನಾ ಕೂಗ್ತಿರೋದು?"

"ಸೈಕಲ್ ಕಲೀತಿದಾಳೆ."

ಬೀದಿಯಲ್ಲಿ ಮಂಡಿಯವರು ಪ್ಯಾಂಟು ಮಡಚಿಕೊಂಡು, ಸೀಟು ಹಿಡಿದು, ಬೆವರು ಸುರಿಸುತ್ತಾ ಓಡುತ್ತಿದ್ದರು. "ಬಿಡಬೇಡಿ, ಬಿಡಬೇಡಿ" ಎಂದು ನಗುತ್ತಾ ಕಿರುಚುತ್ತಿದ್ದಳು ಮಗಳು.

"ಯಾರು ಹಿಡ್ಕೊಂಡಿದಾರೆ?" ಎಂದು ಕೇಳಿದರು ಇವರು.

"ನಾನೇ" ಅಂದೆ.

"ಹಾಂ. ಗಟ್ಟಿಯಾಗಿ ಹಿಡ್ಕೊ" ಅಂದರು. ಫೋನು ಹಿಡಿದ ಕೈಯಲ್ಲಿ ಸೈಕಲ್ ಹೇಗೆ ಹಿಡಿದುಕೊಂಡಿದ್ದೀಯ ಎಂದು ಕೇಳಲಿಲ್ಲ.